ಪುಣಜನೂರು ಬಸ್ಸಿನ ಹಾಜರಿ

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಶಾಲಾಭಿವೃದ್ಧಿ ಸಮಿತಿಯ ಹಿರಿಯರೂ ಆದ ಚಿಕ್ಕಮಲ್ಲಪ್ಪನವರೇ, ವೇದಿಕೆಯ ಮೇಲಿರುವ ಗಣ್ಯರೇ, ಸಹೋದ್ಯೋಗಿಗಳೇ, ಬಿಸಿಲು ತಡೆಯಲಾರದೆ ಬೇವಿನ ಮರದ ಕೆಳಗೆ ಸರಿದು ಕುಳಿತಿರುವ ಸಭಿಕರೇ,

ನಮ್ಮ ಸರ್ಕಾರಿ ಪ್ರೌಢಶಾಲೆಯ ಹತ್ತನೇ ತರಗತಿಗೆ ನೂರಕ್ಕೆ ನೂರು ಫಲಿತಾಂಶ ಬಂದಿದೆ ಎಂದು ಮುಖ್ಯೋಪಾಧ್ಯಾಯನಾದ ನನಗೆ ಇವತ್ತು ಸನ್ಮಾನ ಮಾಡಿದ್ದೀರಿ. ಪೇಟ ಸ್ವಲ್ಪ ಸಡಿಲವಾಗಿದೆ. ಭಾಷಣದ ನಡುವೆ ಕಣ್ಣಿನ ಮೇಲೆ ಜಾರಿದರೆ ಗೌರವ ಕಡಿಮೆಯಾಯಿತೆಂದು ಭಾವಿಸಬೇಡಿ.

ಈ ಶಾಲೆ ಊರಿಗೆ ಏನು? ಮದುವೆಗೆ ಬೆಂಚು ಬೇಕೆಂದರೆ ಶಾಲೆ. ಮತ ಹಾಕಬೇಕೆಂದರೆ ಶಾಲೆ. ದನಗಳ ಲಸಿಕೆಗೂ ಶಾಲೆಯ ಬಯಲೇ. ಮಕ್ಕಳನ್ನು ಸೇರಿಸುವಾಗ ಮಾತ್ರ ಕಾನ್ವೆಂಟಿನ ಹಳದಿ ವ್ಯಾನು! ನಗಬಹುದು, ತಪ್ಪಿಲ್ಲ. ಹಿಂದಿನ ವರ್ಷ ಎಂಟನೇ ತರಗತಿಗೆ ಸೇರಿದ್ದು ಹತ್ತೊಂಬತ್ತೇ ಮಕ್ಕಳು. ಆಗ ಅಧ್ಯಕ್ಷರು ನನ್ನ ಕೋಣೆಗೆ ಬಂದು, "ಮೇಷ್ಟ್ರೇ, ಒಂದ್ಸಲ ನೂರಕ್ಕೆ ನೂರು ತೋರ್ಸ್‌ಬುಡಿ. ಆ ವ್ಯಾನು ನಮ್ಮೂರ್ ಕಡೆ ತಲೆ ಆಕ್ಬಾರ್ದು" ಅಂದರು. ತೋರಿಸಿದೆವು. ಪರೀಕ್ಷೆಗೆ ಕುಳಿತವರು ಮೂವತ್ತೆಂಟು, ಪಾಸಾದವರು ಮೂವತ್ತೆಂಟು. ಈ ಜೂನಿನಲ್ಲಿ ಎಂಟನೇ ತರಗತಿಗೆ ನಲವತ್ತೊಂದು ಮಕ್ಕಳು ಬಂದಿದ್ದಾರೆ.

ಹೋದ ವರ್ಷ ಹತ್ತನೇ ತರಗತಿಯಲ್ಲಿ ಇದ್ದವರು ಮೂವತ್ತೊಂಬತ್ತು.

ಇದನ್ನು ಹೇಳುವ ಉದ್ದೇಶ ನನಗಿರಲಿಲ್ಲ. ಬಾಯಿಗೆ ಬಂದುಬಿಟ್ಟಿದೆ, ಮುಗಿಸುತ್ತೇನೆ.

ಆನೆ ರಸ್ತೆಗೆ ಇಳಿದ ದಿನ, ಅಂದರೆ ವಾರಕ್ಕೆ ಎರಡು ದಿನವಾದರೂ, ಕಾಡಿನ ದಾರಿಯ ಪುಣಜನೂರಿನ ಬಸ್ಸು ಇಲ್ಲಿಗೆ ಹನ್ನೊಂದಕ್ಕೆ ತಲುಪುತ್ತದೆ. ಆ ಬಸ್ಸಿನ ಮಕ್ಕಳಿಗೆ ತಡವಾದರೂ ಹಾಜರಿ ಹಾಕುವುದು ಇಲ್ಲಿನ ಹಳೆಯ ಪದ್ಧತಿ. ಯಾವ ಸುತ್ತೋಲೆಯಲ್ಲೂ ಅದು ಇಲ್ಲ, ನನಗಿಂತ ಹಿಂದಿನ ಯಾವ ಮುಖ್ಯೋಪಾಧ್ಯಾಯರೂ ಅದನ್ನು ತಪ್ಪಿಸಿರಲಿಲ್ಲ. ಹೋದ ವರ್ಷ ಆ ಬಸ್ಸಿನಲ್ಲಿ ಹತ್ತನೇ ತರಗತಿಯ ಐವರು ಬರುತ್ತಿದ್ದರು. ನಾಲ್ವರಿಗೆ ಹಾಜರಿ ಹಾಕಿಸಿದೆ. ಗಣಿತದಲ್ಲಿ ಹದಿನೈದು ಅಂಕ ದಾಟದ ಪವಿತ್ರಳಿಗೆ ಮಾತ್ರ ನಿಯಮ ಪಾಲಿಸಿದೆ. ಫೆಬ್ರವರಿಯ ಹೊತ್ತಿಗೆ ಹಾಜರಾತಿ ಸಾಲಲಿಲ್ಲ, ಅವಳಿಗೆ ಪ್ರವೇಶಪತ್ರ ಬರಲಿಲ್ಲ. ಇಲಾಖೆಯಿಂದ ಯಾರು ಬಂದು ನೋಡಿದರೂ ಕಾಗದದಲ್ಲಿ ತಪ್ಪು ಸಿಗುವುದಿಲ್ಲ.

ಅವಳ ತಾಯಿ ಪುಟ್ಟಸಿದ್ದಮ್ಮ ನಮ್ಮ ಬಿಸಿಯೂಟದ ಅಡುಗೆಯವರು. ಅದೇ ಬಸ್ಸು, ಅದೇ ಸೀಟು. ಹನ್ನೊಂದಕ್ಕೆ ಇಬ್ಬರೂ ಒಟ್ಟಿಗೆ ಗೇಟು ದಾಟುತ್ತಿದ್ದರು. ತಾಯಿಗೆ ಹಾಜರಿ, ಮಗಳಿಗೆ ಗೈರು. ಅನ್ನ ಬೇಯಬೇಕಲ್ಲ! ವಿಷಯ ತಿಳಿದ ದಿನ ಆಕೆ ಬಂದು ಬೈಯುತ್ತಾರೆಂದು ಬಾಗಿಲ ಕಡೆ ನೋಡುತ್ತ ಕುಳಿತಿದ್ದೆ. ಊಟದ ಹೊತ್ತಿಗೆ ಬಂದು ತಟ್ಟೆಗೆ ಸಾಂಬಾರು ಬಡಿಸಿ, "ಬುಡಿ ಸಾ, ಅವ್ಳ ತಲೆಗೆ ಲೆಕ್ಕ ಅತ್ತಾಕಿಲ್ಲ" ಅಂದರು. ನನಗೆ ನಾಚಿಕೆಯಾಯಿತು. ಆದರೂ ಉಂಡೆ.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಪವಿತ್ರ ಈಗ ಟೆಂಪೋದಲ್ಲಿ ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಹೋಗಿ ಚೆಂಡುಹೂ ಕೀಳುತ್ತಾಳೆ. "ತಪ್ಪು ನನ್ನದಮ್ಮ. ಮತ್ತೆ ಹತ್ತನೇ ತರಗತಿಗೆ ಸೇರ್ಕೊ, ಗಣಿತ ನಾನೇ ಹೇಳಿಕೊಡ್ತೀನಿ" ಎಂದೆ. ಅವಳು ಕೇಳಿದಳು: "ನಾನ್ ಬಂದ್ರೆ ಇಸ್ಕೂಲ್ ರಿಜಲ್ಟು ಕೆಡಾಕಿಲ್ವಾ ಸಾ?"

ಚುಚ್ಚಿ ಕೇಳಲಿಲ್ಲ ಸಭಿಕರೇ, ಶಾಲೆಯ ಮೇಲಿನ ಕಾಳಜಿಯಿಂದಲೇ ಕೇಳಿದಳು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ನನ್ನನ್ನು ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಕೆಟ್ಟರೆ ಕೆಡಲಿ ಎಂದೆ. ಅವಳು ನಂಬಲಿಲ್ಲ. "ಊರೋರ್ನೂ ಒಂದ್ ಮಾತ್ ಕೇಳಿ ಸಾ" ಅಂದಳು.

ಆದ್ದರಿಂದ ಕೇಳುತ್ತಿದ್ದೇನೆ. ಮುಂದಿನ ವರ್ಷ ನೂರರ ಬದಲು ತೊಂಬತ್ತೇಳು ಬಂದರೆ ನಿಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತೀರಾ? ಪವಿತ್ರ ಬರಲೋ, ಬೇಡವೋ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆಗಲಿ, ಊಟದ ಹೊತ್ತಾಯಿತು. ಬಡಿಸಲು ನಿಂತಿರುವವರು ಪುಟ್ಟಸಿದ್ದಮ್ಮನವರೇ. ಬರಲಿ ಎನ್ನುವುದಾದರೆ ಅವರಿಗೆ ಹೇಳಿ. ಬೇಡ ಎನ್ನುವುದಾದರೂ ಅವರಿಗೇ ಹೇಳಿ, ತಟ್ಟೆ ಮುಂದೆ ಹಿಡಿದುಕೊಂಡು.

ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.