ವೆಂಡೆಲ್ ಕೈಬಿಡಲಾಗದ ಹೆಂಗಸು

ಅಧ್ಯಕ್ಷತೆ ವಹಿಸಿರುವ ನ್ಯಾಯಾಧೀಶೆ ಮಾರ್ಗಿಟ್ ಲುಂಡ್ ಅವರೇ, ಇಂದು ನಿವೃತ್ತರಾಗುತ್ತಿರುವ ವಕೀಲ ವೆಂಡೆಲ್ ಟ್ವೇಟ್ ಅವರೇ, ಹಿಮದಲ್ಲಿ ಗಾಡಿ ಓಡಿಸಿಕೊಂಡು ಬಂದಿರುವ ಸಭಿಕರೇ,

ಮುಖ ನೋಡಿ ಮನಸ್ಸು ಓದುತ್ತೇನೆ ಎಂದು ವೆಂಡೆಲ್ ಹೇಳಿಕೊಂಡೇ ಬಂದಿದ್ದಾರೆ. ಓದುತ್ತಾರೆ, ನಿಜ. ಸರಿಯಾಗಿ ಓದುತ್ತಾರೆಯೇ? ಅದಕ್ಕೆ ನಾನೇ ಸಾಕ್ಷಿ.

ಮೀನಿನ ಎರೆ ಮಾರುವ ಅಂಗಡಿಯ ಕಳ್ಳತನದ ಮೊಕದ್ದಮೆ ನಿಮಗೆ ನೆನಪಿರಬಹುದು. ಆರೋಪಿ ಕೆಲ್ವಿನ್, ಸೋತರೆ ಜೈಲು. ಅವನ ಪರ ವೆಂಡೆಲ್. ತೀರ್ಪು ಹೇಳುವ ಜ್ಯೂರಿಗೆ ಹನ್ನೆರಡು ಜನರನ್ನು ಆರಿಸುವಾಗ, ಕಾರಣ ಹೇಳದೆ ಐವರನ್ನು ಮನೆಗೆ ಕಳಿಸುವ ಹಕ್ಕು ಅವರಿಗಿತ್ತು. ಒಬ್ಬನ ಬೂಟು ತೀರಾ ಹೊಳೆಯುತ್ತಿತ್ತೆಂದು ಕಳಿಸಿದರಂತೆ. ಒಬ್ಬಳು ಎರಡು ಸಲ ಗಡಿಯಾರ ನೋಡಿದಳಂತೆ. ಹೀಗೆ ಐದೂ ಮುಗಿದ ಮೇಲೆ ನನ್ನ ಸರದಿ ಬಂತು. ನಾನು ಕೈ ಕಟ್ಟಿ, ತುಟಿ ಬಿಗಿದುಕೊಂಡು ಕೂತೆ. ವೆಂಡೆಲ್ ಸಹಾಯಕನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಈಯಮ್ಮ ಆಗ್ಲೇ ಅವನನ್ನ ಒಳಗೆ ಹಾಕಿ ಬೀಗ ಜಡಿದಾಗಿದೆ, ನೋಡು."

ಸಭಿಕರೇ, ಅಂದು ಕೋರ್ಟಿನ ಹೀಟರ್ ಕೆಟ್ಟಿತ್ತು. ನನಗೆ ಚಳಿಯಾಗುತ್ತಿತ್ತು.

ವೆಂಡೆಲ್ ಅವರಿಗೆ ತುಂಬಾ ಹಿಡಿಸಿದವನು ಜ್ಯೂರಿಯಲ್ಲಿ ನನ್ನ ಪಕ್ಕ ಕೂತ ಓರ್ವಿಲ್. ಅವರ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದ. ವಿಚಾರಣೆ ಮುಗಿದು ಒಳಕೋಣೆಗೆ ಹೋದೊಡನೆ 'ತಪ್ಪಿತಸ್ಥ' ಎಂದು ಮೊದಲು ಕೈಯೆತ್ತಿದವನೂ ಅವನೇ. ಬಿರುಗಾಳಿಗೆ ಮುಂಚೆ ಮನೆ ಸೇರಬೇಕೆಂದ. ಹನ್ನೊಂದು ಕೈ ಮೇಲೆದ್ದವು. ಆದರೆ ಹನ್ನೆರಡೂ ಏಳಬೇಕಲ್ಲ? ಸಾಕ್ಷಿ ಕಂಡದ್ದು ಕಳ್ಳನ ಮುಖವಲ್ಲ, ಕೆಂಪು ಚೌಕಳಿಯ ಕೋಟು. ನಾನು ಕುರ್ಚಿಗಳ ಬೆನ್ನು ತೋರಿಸಿದೆ. "ಅಂಥ ಕೋಟು ಇಲ್ಲೇ ಮೂರು ನೇತಾಡ್ತಿವೆ. ಓರ್ವಿಲ್, ಆವತ್ತು ತಾವೆಲ್ಲಿದ್ರಿ ಸ್ವಾಮಿ?"

ಒಂದೊಂದೇ ಕೈ ಇಳಿಯಿತು. ಕೆಲ್ವಿನ್ ಮನೆಗೆ ಹೋದ.

ಆಮೇಲೆ ವೆಂಡೆಲ್ ನನ್ನನ್ನು ಕೆಲಸಕ್ಕೆ ಕರೆದರು: ಜ್ಯೂರಿ ಆರಿಸುವಾಗ ಪಕ್ಕದಲ್ಲಿ ಕೂತು 'ಇಲ್ಲ' ಅನ್ನುವ ಕೆಲಸ. "ಅಷ್ಟು ಜನರ ಎದುರು ಹೇಗಮ್ಮ ನಿಂತ್ರಿ?" ಎಂದು ಕೇಳಿದರು. ನ್ಯಾಯ, ಆತ್ಮಸಾಕ್ಷಿ ಎಂದೇನೋ ಹೇಳಿದೆ. ಅದೂ ಸುಳ್ಳಲ್ಲ. ಆದರೆ ಆ ಚಳಿಗಾಲಕ್ಕೆ ಮುಂಚೆಯಷ್ಟೇ ನನ್ನ ಗಂಡ ತೀರಿಕೊಂಡಿದ್ದರು. 'ಇಲ್ಲ' ಅನ್ನುವುದಕ್ಕಾದರೂ ಮನೆಯಲ್ಲಿ ಇನ್ನೊಬ್ಬರಿರಬೇಕಲ್ಲವೇ? ಅಂದು ಒಮ್ಮೆಲೇ ಹನ್ನೊಂದು ಮಂದಿ ಸಿಕ್ಕಿದ್ದರು.

ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಇರಲಿ.

ಆಮೇಲಿನ ವರ್ಷಗಳಿಗೆ ವೆಂಡೆಲ್ ಒಬ್ಬರೇ ಸಾಕಾದರು. ಸೋಮವಾರದಿಂದ ಅವರು ಸರೋವರದ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಾರಂತೆ. ಮೀನು ಎದುರುತ್ತರ ಕೊಡುವುದಿಲ್ಲ, ವೆಂಡೆಲ್. ಮಂಜುಗಡ್ಡೆಯ ಮೇಲಿನ ನಿಮ್ಮ ಆ ಪುಟ್ಟ ಗುಡಿಸಲಿನಲ್ಲಿ ಎರಡು ಕುರ್ಚಿಗೆ ಜಾಗವಿದೆಯೆಂದು ಕೇಳಿದ್ದೇನೆ. ಕಾಫಿ ನಾನು ತರುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಕೃತಜ್ಞತೆ ಹೇಳಿ, ನನ್ನ ಮುಖ ಇನ್ನಷ್ಟು ಕೆಂಪಾಗುವ ಮೊದಲೇ ಕೂರುತ್ತೇನೆ. ನಮಸ್ಕಾರ.