ಗಟ್ಟಿಯಾದ ಸೇಬಿನ ಬ್ರೆಡ್ಡು

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಬ್ಬ ಗಾರೆ ಮೇಸ್ತ್ರಿ ಮತ್ತು ಅವರ ಮಗಳು ನಿಂತಿದ್ದರು. ಮೇಸ್ತ್ರಿಯ ಉಗುರಿನಂಚಿನಲ್ಲಿ ಸಿಮೆಂಟು, ಕೈಯಲ್ಲಿ ದಾಲ್ಚಿನ್ನಿ ಚಕ್ಕೆ ಮತ್ತು ಸೇಬಿನ ಘಮ ಸೂಸುವ ಡಬ್ಬಿ. ಮಗಳು ಮುಚ್ಚಳ ತೆಗೆದು ಬೆರಳಲ್ಲಿ ಒತ್ತಿ ನೋಡಿದಳು.

“ಅಪ್ಪಾ, ಇದೇನು ಇಟ್ಟಿಗೆ ಥರ ಇದೆ?”

“ಸೇಬಿನ ಬ್ರೆಡ್ಡು ಕಣಮ್ಮ. ನಿಮ್ಮಮ್ಮ ಮಾಡೋ ಥರಾನೇ ಮಾಡಿದ್ದು.”

“ಹಿಟ್ಟು ಎಷ್ಟು ಹೊತ್ತು ಕಲಸಿದೆ?”

“ಒಂದು ಗಂಟೂ ಇರಬಾರದು ಅಂತ ಚೆನ್ನಾಗಿ ಕಲಸಿದೆ.”

“ಗಾರೆ ಕಲಸಿದ ಹಾಗೆ ಕಲಸಿದ್ರೆ ಇನ್ನೇನಾಗುತ್ತೆ! ನಾಲ್ಕು ಸಲ ಸೌಟು ಆಡಿಸಿ ಬಿಟ್ಟುಬಿಡಬೇಕು ಅಂತ ಅಮ್ಮ ಬಡ್ಕೋತಾನೇ ಇರ್ತಾಳಲ್ಲ?”

“ಆಮೇಲೆ ನೆನಪಾಯ್ತು. ಹಾಗೇ ಇನ್ನೊಂದು ಮಾಡಿದೆ. ಹತ್ತಿ ಥರ ಬಂತು.”

“ಮತ್ತೆ ಅದನ್ನ ಬಿಟ್ಟು ಇದನ್ಯಾಕೆ ಹಿಡ್ಕೊಂಡು ಬಂದೆ?”

ಮೇಸ್ತ್ರಿ ಡಬ್ಬಿಯ ಮುಚ್ಚಳ ಹಾಕಿದರು.

“ಅದು ಮನೇಲಿದೆ, ನೀನು ತಿನ್ನು. ನಿನ್ನೆ ವಾರ್ಡಲ್ಲಿ ನಿಮ್ಮಮ್ಮ, ‘ನಾನಿಲ್ದೇ ಹೋದ್ರೂ ನೀವು ಹೇಗೋ ಸಂಭಾಳಿಸ್ಕೋತೀರ ಬಿಡಿ’ ಅಂದ್ಲು.”

ಮಗಳು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಭದ್ರಪಡಿಸಿದಳು.

“ಅದಕ್ಕೇ, ಇದನ್ನೊಂದು ಸಲ ಕಚ್ಚಿ ನೋಡಲಿ. ನಂಗೇನೂ ಬರಲ್ಲ ಅಂತ ಬೈಯಲಿ.”

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಇಬ್ಬರಿಗಷ್ಟೇ ಜಾಗವಿತ್ತು. ಮೇಸ್ತ್ರಿ ಡಬ್ಬಿಯನ್ನು ಎದೆಗವಚಿಕೊಂಡು ಹೋಗಿ ನಿಂತರು. ಮಗಳು ಹಿಂದೆಯೇ ಹೋಗಿ ಅಪ್ಪನ ತೋಳು ಹಿಡಿದಳು.

“ಅಡುಗೆಮನೆ ತುಂಬ ಹಿಟ್ಟು ಚೆಲ್ಲಾಡಿದೀಯ ಅಂತಾನೂ ಹೇಳ್ತೀನಿ.”

“ಹೇಳು. ಸ್ವಲ್ಪ ಜಾಸ್ತಿನೇ ಸೇರಿಸಿ ಹೇಳು.”

ಬಾಗಿಲು ಮುಚ್ಚಿತು. ಚಕ್ಕೆಯ ಘಮ ಮಾತ್ರ ನಮ್ಮ ಸಾಲಿನಲ್ಲಿ ಉಳಿಯಿತು.