ಸುಖೇಶನ ಸೇತುವೆ

ಕಾತ್ರಜದಲ್ಲಿ ಬಸ್ಸಿನ ಸಾಲಿನಲ್ಲಿ ನಿಂತಿದ್ದ ಲೀಲಾಕ್ಷಿಗೆ ಮರಾಠಿ ಗದ್ದಲದ ನಡುವೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಗಂಡ ಹೆಂಡತಿ ಮಾತಾಡುತ್ತಿದ್ದರು. ತಿರುಗಿದರೆ ಎಲ್ಲಿ ಮಾತು ನಿಂತೀತೋ ಎಂದು ಅವಳು ಸುಮ್ಮನೆ ರಸ್ತೆ ನೋಡುತ್ತ ನಿಂತಳು.

“ಸುಖೇಶನ ಸೇತುವೆ ತಪಾಸಣಿ ಮುಗೀತೇನ್ರಿ?”

“ಮುಗೀತು. ಮೂರು ಕಡೆ ಕೊರಸಿ ಕಾಂಕ್ರೀಟ್ ತುಂಡು ತಗಸಿದೆ.”

“ಎರಡು ಕಡೆ ಅಂದಿದ್ರಲ್ಲ?”

“ಎರಡರಾಗೂ ತಪ್ಪು ಸಿಗಲಿಲ್ಲ. ಅದಕ್ಕ ಮತ್ತೊಂದು ಕಡೆ ಕೊರಸಿದೆ.”

“ಅಲ್ಲಿ?”

“ಕಲ್ಲಿನಂಗ ಗಟ್ಟಿ ಅದ.”

“ಮತ್ಯಾಕ ಮಾರಿ ಸಣ್ಣ ಮಾಡೀರಿ? ಮಂದಿ ಓಡಾಡೋ ಸೇತುವೆ, ಗಟ್ಟಿ ಇದ್ರ ಛಲೋನ ಅಲ್ಲೇನು?”

ಗಂಡಸು ದನಿ ತಗ್ಗಿಸಿದ.

“ನನ್ನ ಕೈಕೆಳಗ ಕೆಲಸ ಕಲ್ತಾಂವ ಅಂವ, ಗೌರಾ. ಉದ್ಘಾಟನಾದಾಗ ಮಂತ್ರಿ ಬಾಜೂಕ ನಿಂದರ್ತಾನ. ನಾ ಕಟ್ಟಿಸಿದ್ದ ಸೇತುವೆ ಎರಡನೇ ಮಳಿಗಾಲಕ್ಕ ಬಿರುಕು ಬಿಡ್ತು. ಆವತ್ತಿಂದ ಮಂದಿ ಕಟ್ಟಿದ್ದು ನೋಡೂದಽ ನನ್ನ ಕೆಲಸ.”

“ಗೊತ್ತದ.”

“ಒಂದು ಸಣ್ಣ ಬಿರುಕರೆ ಸಿಗಬೇಕಿತ್ತು.”

“ಸಿಗಲಿಲ್ಲಲ್ಲ. ಹೊಟ್ಟಿಕಿಚ್ಚಿಗೆ ವರದ್ಯಾಗ ಸಾಧಾರಣ ಅಂತ ಬರದು ಕೊಡಬ್ಯಾಡ್ರಿ ಮತ್ತ.”

ಅವನೇನು ಹೇಳುತ್ತಾನೋ ಎಂದು ಲೀಲಾಕ್ಷಿ ಕಿವಿಗೊಟ್ಟಳು. ಅಷ್ಟರಲ್ಲಿ ಸಾತಾರಾದ ಬಸ್ಸು ಬಂದು ಸಾಲು ಚದುರಿತು. ದಂಪತಿ ಅವಳನ್ನು ದಾಟಿಕೊಂಡು ಮುಂದೆ ಹೋದರು. ತಲೆ ನರೆತ ಗಂಡಸು ಹೆಂಡತಿಯ ಚೀಲ ಇಸಿದುಕೊಂಡು, ಅವಳನ್ನು ಮೊದಲು ಹತ್ತಿಸಿದ.

“ನಿನ್ನೇನ ಬರದು ಕೊಟ್ಟೀನಿ,” ಎಂದ, ಮೆಟ್ಟಿಲ ಮೇಲೆ ಕಾಲಿಡುತ್ತ. “ಉತ್ತಮ ಅಂತ. ಅದಕ್ಕ ನಿದ್ದಿ ಬರವಲ್ದು.”